ಪೇಪರ್ ಒನಕೆ, ರಟ್ಟಿನ ಗುರಾಣಿ: ಮಕ್ಕಳ ಜೊತೆ ಮನೆಯಲ್ಲೇ ಕೋಟೆ ಆಟದ ಸಾಮಾನು

ಹೋದ ವರ್ಷ ಮಗಳ ಶಾಲೆಯಲ್ಲಿ ಫ್ಯಾನ್ಸಿ ಡ್ರೆಸ್ ಇತ್ತು. ಅವಳು ಒನಕೆ ಓಬವ್ವ. ಹಿಂದಿನ ರಾತ್ರಿ ಹನ್ನೊಂದು ಗಂಟೆಗೆ ಕೂತು ನಾನೇ ಒನಕೆ ಮಾಡಿದೆ. ಚಾರ್ಟ್ ಪೇಪರ್ ಸುರುಳಿ ಸುತ್ತಿ, ಮೇಲೆ ಕಂದು ಬಣ್ಣದ ಹಾಳೆ ಅಂಟಿಸಿ, ತುದಿಗೆ ಬೆಳ್ಳಿ ಕಾಗದ ಕಟ್ಟಿದೆ. ನೋಡೋಕೆ ಭಾರಿ ಚೆನ್ನಾಗಿತ್ತು, ಫೋಟೋ ಕೂಡ ತೆಗೆದುಕೊಂಡೆ. ವೇದಿಕೆ ಮೇಲೆ ಅವಳು ಒನಕೆ ಎತ್ತಿ ಬೀಸಿದ ತಕ್ಷಣ ಅದು ನಡುವೆ ಬಾಗಿ ಬಾಳೆ ದಿಂಡಿನ ಹಾಗೆ ಜೋತುಬಿತ್ತು. ಎಲ್ಲರೂ ನಕ್ಕರು. ಕೆಳಗಿಳಿದು ಬಂದವಳು ಹೇಳಿದ್ದು ಒಂದೇ ಮಾತು: "ನೀನು ಮಾಡಿದ್ದಲ್ವಾ, ಅದಕ್ಕೇ."

ಆಮೇಲೆ ದಸರಾ ರಜೆಯಲ್ಲಿ ಅವಳೇ ಮಾಡಿದಳು. ಅವಳಿಗೆ ಎಂಟು ವರ್ಷ, ತಮ್ಮನಿಗೆ ಐದು. ನನ್ನ ಕೆಲಸ ಕಟರ್ ಹಿಡಿಯೋದು, ಅಂಟು ಕುದಿಸೋದು, ಉಳಿದ ಹೊತ್ತಲ್ಲಿ ಸುಮ್ನೆ ಇರೋದು. ಮೂರನೆಯದೇ ಕಷ್ಟ. ಆ ರಜೆಯಲ್ಲಿ ನಮ್ಮನೆ ಹಾಲ್ ಚಿತ್ರದುರ್ಗದ ಕೋಟೆಯಾಯಿತು. ಒನಕೆ, ಗುರಾಣಿ, ಕತ್ತಿ, ಗೋಡೆಯಾಚೆ ಇಣುಕುವ ಪೆರಿಸ್ಕೋಪು, ಗುಟ್ಟಿನ ನಕ್ಷೆ, ದಿಕ್ಸೂಚಿ, ಎಲ್ಲಾ ಆದವು. ಎರಡು ಕನ್ನಡಿ ಚೂರು ಬಿಟ್ಟರೆ ಹೊರಗಿನಿಂದ ಏನೂ ತರಲಿಲ್ಲ.

ಅವತ್ತಿಂದ ನಾನು ಒಂದು ಅಳತೆ ಇಟ್ಟುಕೊಂಡಿದ್ದೇನೆ. ಮಾಡಿದ ಸಾಮಾನು ಮಕ್ಕಳ ಕೈಯಲ್ಲಿ ಒಂದು ಪೂರ್ತಿ ಮಧ್ಯಾಹ್ನ ಮುರಿಯದೆ ಉಳಿಯಬೇಕು. ಅಂದ ಆಮೇಲೆ. ಕೆಳಗೆ ಬರೆದಿರುವುದೆಲ್ಲ ಈ ಅಳತೆಯಲ್ಲಿ ಪಾಸಾದವು.

ಮೊದಲು ಒಂದು ವಾರ ಏನನ್ನೂ ಎಸೆಯಬೇಡಿ

ಒಂದು ದೊಡ್ಡ ಡಬ್ಬ ಇಡಿ. ಮನೆಗೆ ಪಾರ್ಸೆಲ್ ಬರುವ ರಟ್ಟಿನ ಪೆಟ್ಟಿಗೆಗಳು, ಹಳೇ ದಿನಪತ್ರಿಕೆ, ಟೂತ್‌ಪೇಸ್ಟಿನ ಉದ್ದ ಡಬ್ಬಿ, ಬಾಟಲಿ ಮುಚ್ಚಳ, ಚಿಪ್ಸ್ ಪೊಟ್ಟಣ, ಚಾಕೊಲೇಟಿನ ಬಂಗಾರದ ಕಾಗದ, ಹರಿದ ಕಾಲುಚೀಲ, ಚೂಡಿದಾರದ ಲಾಡಿ, ಹಳೇ ಸ್ಕೂಲ್ ಬೆಲ್ಟು. ಇದನ್ನೆಲ್ಲ ಮಕ್ಕಳೇ ಹಾಕಲಿ. ನಮ್ಮ ಚಿಕ್ಕವನು ಎರಡೇ ದಿನದಲ್ಲಿ ಅಜ್ಜಿಯ ಮಾತ್ರೆ ಡಬ್ಬಿಯನ್ನೂ ತಂದು ಹಾಕಿದ್ದ. ಹಾಗಾಗಿ ಶುರು ಮಾಡುವ ಮೊದಲು ಒಮ್ಮೆ ಡಬ್ಬ ಸುರಿದು ನೋಡಿಕೊಳ್ಳಿ.

ಚಿಪ್ಸ್ ಪೊಟ್ಟಣವನ್ನು ಸೀಳಿ, ಪಾತ್ರೆ ಸೋಪು ಹಾಕಿ ಎಣ್ಣೆ ಪಸೆ ಹೋಗುವವರೆಗೆ ತೊಳೆದು ಒಣಗಿಸಿ. ಒಳಮೈ ಕನ್ನಡಿ ಹಾಗೆ ಹೊಳೆಯುತ್ತದೆ, ಕತ್ತಿಗೆ ಅದೇ ಬೇಕು. ಅಡುಗೆಮನೆಯ ಫಾಯಿಲ್ ಸುಲಭ ಅನಿಸುತ್ತದೆ, ಆದರೆ ಮಕ್ಕಳ ಕೈಯಲ್ಲಿ ಹತ್ತು ನಿಮಿಷಕ್ಕೆ ಹರಿದುಹೋಗುತ್ತದೆ.

ಯಾರಿಗೆ ಯಾವ ಕೆಲಸ ಅನ್ನೋದನ್ನೂ ಮೊದಲೇ ಹೇಳಿಬಿಡಿ. ನಾಲ್ಕೈದು ವರ್ಷದವರು ಪೇಪರ್ ಹರಿಯಲಿ, ಅಂಟು ಬಳಿಯಲಿ. ಏಳೆಂಟು ವರ್ಷದವರಿಗೆ ಕತ್ತರಿ ಕೊಡಬಹುದು, ಆದರೆ ದಪ್ಪ ರಟ್ಟು ಅವರ ಕೈಗೆ ಬಗ್ಗಲ್ಲ. ಕಟರ್, ಸೂಜಿ, ಒಲೆ ಈ ಮೂರು ದೊಡ್ಡವರದ್ದು. ಇದರಲ್ಲಿ ಚೌಕಾಸಿ ಇಲ್ಲ.

ಮೈದಾ ಅಂಟು

ಬಾಟಲಿ ಅಂಟು ಸಣ್ಣ ಕೆಲಸಕ್ಕೆ ಸರಿ. ಒನಕೆಗೆ, ಗುರಾಣಿಗೆ ಅದನ್ನು ಸುರಿಯುತ್ತಾ ಕೂತರೆ ದುಡ್ಡು ಜಾಸ್ತಿ, ಗಟ್ಟಿ ಕಡಿಮೆ. ಮೈದಾ ಅಂಟಿನಷ್ಟು ಒಳ್ಳೇದು ಇನ್ನೊಂದಿಲ್ಲ.

ಅರ್ಧ ಲೋಟ ಮೈದಾಕ್ಕೆ ಅರ್ಧ ಲೋಟ ತಣ್ಣೀರು ಹಾಕಿ ಗಂಟಿಲ್ಲದ ಹಾಗೆ ಕಲಸಿ. ಇದನ್ನು ಮಕ್ಕಳು ಕೈಯಲ್ಲೇ ಮಾಡಲಿ, ಖುಷಿ ಪಡುತ್ತಾರೆ. ಇನ್ನೊಂದೂವರೆ ಲೋಟ ನೀರು ಕುದಿಯಲು ಇಟ್ಟು, ಉರಿ ಸಣ್ಣ ಮಾಡಿ, ಕಲಸಿದ್ದನ್ನು ಸುರಿಯುತ್ತಾ ಕೈ ಬಿಡದೆ ತಿರುವಿ. ಐದಾರು ನಿಮಿಷಕ್ಕೆ ಬಿಳಿ ಬಣ್ಣ ಹೋಗಿ ಗಂಜಿ ಹಾಗೆ ಅರೆಪಾರದರ್ಶಕ ಆಗುತ್ತದೆ. ಅಲ್ಲಿಗೆ ಇಳಿಸಿ. ಆರಿದ ಮೇಲೆ ಇನ್ನೂ ಸ್ವಲ್ಪ ಗಟ್ಟಿಯಾಗುತ್ತದೆ, ಹಾಗಾಗಿ ಒಲೆ ಮೇಲೆ ತೆಳ್ಳಗಿದ್ದರೆ ಚಿಂತೆ ಬೇಡ. ಒಂದು ಚಿಟಿಕೆ ಲವಂಗದ ಪುಡಿ ಹಾಕಿದರೆ ಹುಳಿ ವಾಸನೆ ಬೇಗ ಬರಲ್ಲ. ಫ್ರಿಜ್ಜಿನಲ್ಲಿ ಮೂರು ದಿನ ಇರುತ್ತದೆ.

ಹಿಂದೆ ಬೈಂಡಿಂಗ್ ಮಾಡುವವರು ಹುಳ ಬರದಿರಲಿ ಅಂತ ಮೈದಾ ಅಂಟಿಗೆ ಮೈಲುತುತ್ತ ಸೇರಿಸುತ್ತಿದ್ದರು. ಮನೆಯಲ್ಲಿ ಹಿರಿಯರು ಯಾರಾದರೂ ಈ ಸಲಹೆ ಕೊಟ್ಟರೆ ನಯವಾಗಿ ಬೇಡ ಅನ್ನಿ. ಅದು ವಿಷ. ಮಕ್ಕಳು ಅಂಟಿನ ಕೈಯನ್ನು ಬಾಯಿಗೆ ಹಾಕದೆ ಬಿಡುವುದಿಲ್ಲ.

ಒನಕೆ

ಕಥೆ ಎಲ್ಲರಿಗೂ ಗೊತ್ತು. ಮದಕರಿ ನಾಯಕನ ಕಾಲ, ಹೈದರಾಲಿಯ ಸೈನ್ಯ ಕೋಟೆಗೆ ಮುತ್ತಿಗೆ ಹಾಕಿದೆ. ಕಾವಲುಗಾರ ಊಟಕ್ಕೆ ಕೂತಿದ್ದಾನೆ. ಅವನ ಹೆಂಡತಿ ಓಬವ್ವ ನೀರು ತರಲು ಹೋದಾಗ, ಬಂಡೆ ಸಂದಿಯಿಂದ ಶತ್ರುಗಳು ಒಬ್ಬೊಬ್ಬರಾಗಿ ನುಸುಳುವುದು ಕಾಣುತ್ತದೆ. ಮನೆಯಿಂದ ಒನಕೆ ತಂದು ಸಂದಿಯ ಬಾಯಲ್ಲೇ ನಿಲ್ಲುತ್ತಾಳೆ. ಕೋಟೆಗೆ ಹೋದವರು ಆ ಕಿಂಡಿಯನ್ನು ನೋಡಿರುತ್ತೀರಿ, ಹತ್ತಿರದಲ್ಲೇ ತಣ್ಣೀರು ದೋಣಿಯೂ ಇದೆ. ಕೋಟೆ ಕೊನೆಗೆ 1779ರಲ್ಲಿ ಹೈದರನ ಕೈ ಸೇರಿತು. ಮಗಳಿಗೆ ಈ ಭಾಗ ಹೇಳಿದಾಗ ಅವಳು ಒಪ್ಪಲೇ ಇಲ್ಲ. "ಆವತ್ತು ಓಬವ್ವ ಊರಲ್ಲಿ ಇರ್ಲಿಲ್ಲ" ಅಂತ ತೀರ್ಪು ಕೊಟ್ಟಳು.

ಈಗಿನ ಮಕ್ಕಳು ಒನಕೆಯನ್ನೇ ನೋಡಿರುವುದಿಲ್ಲ. ನಮ್ಮಜ್ಜಿ ಮನೆಯದು ಭತ್ತ ಕುಟ್ಟಿ ಕುಟ್ಟಿ ನುಣುಪಾಗಿತ್ತು. ಕೈ ಹಿಡಿಯುವ ನಡುಭಾಗ ಸ್ವಲ್ಪ ಸಣ್ಣ, ಕೆಳತುದಿಗೆ ಕಬ್ಬಿಣದ ಬಳೆ. ಈ ಎರಡು ಗುರುತು ಬಂದರೆ ಸಾಕು, ದೂರದಿಂದ ನೋಡಿದವರಿಗೂ ಅದು ಒನಕೆ ಅಂತ ಗೊತ್ತಾಗುತ್ತದೆ. ಇಲ್ಲದಿದ್ದರೆ ಬರೀ ದೊಣ್ಣೆ.

ನನ್ನ ಚಾರ್ಟ್ ಪೇಪರ್ ಒನಕೆ ಯಾಕೆ ಬಾಗಿತು? ಒಳಗೆ ಟೊಳ್ಳು. ಟೊಳ್ಳು ಕೊಳವೆ ಒಂದು ಕಡೆ ನಜ್ಜಾದರೆ ಅಲ್ಲೇ ಮಡಿಸಿಕೊಳ್ಳುತ್ತದೆ. ಅದರ ಬದಲು ಸಣ್ಣ ಕೋಲುಗಳ ಕಂತೆ ಕಟ್ಟಬೇಕು. ಎಷ್ಟು ಕೋಲು? ಏಳು. ಒಂದೇ ದಪ್ಪದ ದುಂಡು ಕೋಲುಗಳಾದರೆ, ನಡುವೆ ಒಂದು ಇಟ್ಟು ಸುತ್ತ ಆರು ಇಟ್ಟಾಗ ಸಂದಿಲ್ಲದ ಹಾಗೆ ಸರಿಯಾಗಿ ಕೂರುತ್ತವೆ. ಐದು ಇಟ್ಟರೆ ಸಡಿಲ, ಏಳನೆಯದನ್ನು ಸುತ್ತ ತುರುಕಿದರೆ ಹಿಡಿಸಲ್ಲ. ಬೇಕಾದರೆ ಏಳು ಪೆನ್ಸಿಲ್ ಕೊಟ್ಟು ಮಕ್ಕಳಿಗೇ ಜೋಡಿಸಲು ಹೇಳಿ. ಏಳು ಸುತ್ತಿನ ಕೋಟೆಗೆ ಏಳು ಕೋಲಿನ ಒನಕೆ.

1. ದಿನಪತ್ರಿಕೆಯ ಬಿಡಿಸಿದ ಹಾಳೆ ಎರಡನ್ನು ಒಂದರ ಮೇಲೊಂದು ಹಾಸಿ. ಉದ್ದದ ಅಂಚಿಗೆ ಹೆಣಿಗೆ ಕಡ್ಡಿಯನ್ನೋ ಸೈಕಲ್ ಕಡ್ಡಿಯನ್ನೋ ಇಟ್ಟು ಸುತ್ತಲು ಶುರು ಮಾಡಿ. ಗುಟ್ಟೆಲ್ಲ ಮೊದಲ ಮೂರು ಸುತ್ತಿನಲ್ಲಿದೆ. ಅವು ಸಡಿಲವಾದರೆ ಮುಂದೆ ಎಷ್ಟು ಬಿಗಿ ಹಿಡಿದರೂ ಕೋಲು ಮೆತ್ತಗೇ ಇರುತ್ತದೆ. ಮಗು ಎರಡೂ ಅಂಗೈ ಚಾಚಿ ಚಪಾತಿ ಲಟ್ಟಿಸುವ ಹಾಗೆ ಮುಂದಕ್ಕೆ ಉರುಳಿಸಲಿ, ನೀವು ಎದುರಿಂದ ಹಾಳೆಯನ್ನು ಹಿಂದಕ್ಕೆ ಎಳೆದು ಹಿಡಿಯಿರಿ. ಕೊನೆಯ ನಾಲ್ಕು ಬೆರಳಗಲಕ್ಕೆ ಅಂಟು ಬಳಿದು ಮುಗಿಸಿ, ಕಡ್ಡಿ ಎಳೆದುಬಿಡಿ.

2. ಒಂದು ಕೋಲಿನ ಉದ್ದ ಸಾಲದು. ಒನಕೆ ನಿಂತಾಗ ಮಗುವಿನ ಗಲ್ಲಕ್ಕೆ ಬರಬೇಕು. ಅದಕ್ಕಿಂತ ಉದ್ದವಾದರೆ ತಿರುಗಿಸುವಾಗ ಫ್ಯಾನಿಗೋ ಟಿವಿಗೋ ತಾಗುತ್ತದೆ. ಹಾಗಾಗಿ ಕೋಲಿನ ಒಂದು ತುದಿಯನ್ನು ತಿರುಚಿ ಸಣ್ಣ ಮಾಡಿ, ಅಂಟು ಸವರಿ, ಇನ್ನೊಂದು ಕೋಲಿನ ಬಾಯಿಗೆ ನಾಲ್ಕು ಬೆರಳಷ್ಟಾದರೂ ತುರುಕಿ. ಮೇಲೆ ಪೇಪರ್ ಪಟ್ಟಿ ಸುತ್ತಿ. ಇಂಥ ಏಳು ಬೇಕು.

3. ಏಳನ್ನೂ ಕಂತೆ ಮಾಡುವಾಗ ಒಂದರ ಕೀಲು ಇನ್ನೊಂದರ ಕೀಲಿನ ಪಕ್ಕ ಬರಬಾರದು. ನಾಲ್ಕನ್ನು ನೇರ ಇಡಿ, ಮೂರನ್ನು ತಲೆಕೆಳಗು ಮಾಡಿ, ಸ್ವಲ್ಪ ಹಿಂದೆ ಮುಂದೆ ಸರಿಸಿ. ಗಾರೆಯವರು ಇಟ್ಟಿಗೆ ಇಡುವಾಗ ಮಾಡುವುದೂ ಇದನ್ನೇ. ಗೇಣಿಗೊಂದು ಕಡೆ ನೂಲಿನಿಂದ ಬಿಗಿಯಾಗಿ ಕಟ್ಟಿ, ಹೆಚ್ಚಾದ ತುದಿ ಕತ್ತರಿಸಿ.

4. ಎರಡು ಬೆರಳಗಲದ ಪೇಪರ್ ಪಟ್ಟಿಗಳನ್ನು ಅಂಟಿನಲ್ಲಿ ಅದ್ದಿ ಓರೆಯಾಗಿ ಸುತ್ತುತ್ತಾ ಹೋಗಿ. ಒಂದು ಪದರ ಎಡಕ್ಕೆ ಓರೆ, ಮುಂದಿನದು ಬಲಕ್ಕೆ ಓರೆ. ನಡುಭಾಗಕ್ಕೆ ಎರಡೇ ಪದರ, ತುದಿಗಳ ಕಡೆ ನಾಲ್ಕೈದು. ಹೀಗೆ ಮಾಡಿದರೆ ಹಿಡಿ ತಾನಾಗಿ ಸಣ್ಣದಾಗಿ ಕಾಣುತ್ತದೆ. ಇದು ಚಿಕ್ಕವರ ಕೆಲಸ. ಮೈ ಕೈ ಎಲ್ಲ ಅಂಟಾಗುತ್ತದೆ, ನೆಲಕ್ಕೆ ಹಳೇ ಬೆಡ್‌ಶೀಟ್ ಹಾಸಿರಿ.

5. ಎರಡು ದಿನ ಒಣಗಲಿ. ಬಿಸಿಲಿಗೆ ಒರಗಿಸಿ ನಿಲ್ಲಿಸಿದರೆ ಬಿಲ್ಲಾಗುತ್ತದೆ. ಬಟ್ಟೆ ಹರಡುವ ಹಗ್ಗಕ್ಕೆ ಎರಡು ಕುಣಿಕೆ ಹಾಕಿ ಅಡ್ಡಡ್ಡ ತೂಗಿ, ಆಗಾಗ ಹೊರಳಿಸಿ. ಮಳೆಗಾಲದಲ್ಲಾದರೆ ನಾಲ್ಕು ದಿನ ಬೇಕಾದೀತು. ಒಳಗೆ ಹಸಿ ಇದ್ದು ಮೇಲೆ ಬಣ್ಣ ಹೊಡೆದರೆ ಬೂಷ್ಟು ಗ್ಯಾರಂಟಿ.

ಎತ್ತಿಕೊಂಡಾಗ ನಿಮಗೇ ಆಶ್ಚರ್ಯ ಆಗುತ್ತದೆ, ಅಷ್ಟು ಗಟ್ಟಿ. ಆದ್ದರಿಂದಲೇ ಮುಂದಿನ ಹೆಜ್ಜೆ ಬಿಡಬೇಡಿ. ಎರಡೂ ತುದಿಗೆ ಹಳೇ ಕಾಲುಚೀಲದ ಚೂರು ತುಂಬಿದ ಮೆತ್ತೆ ಇಟ್ಟು, ಮೇಲಿಂದ ಬಟ್ಟೆ ಕಟ್ಟಿ, ಅದರ ಮೇಲೆ ಒಂದೇ ಪದರ ಪೇಪರ್ ಸುತ್ತಿ. ತಮ್ಮನ ತಲೆ ಉಳಿಯಬೇಕಲ್ಲ.

ಬಣ್ಣಕ್ಕೆ ಗಟ್ಟಿ ಕಾಫಿ ಡಿಕಾಕ್ಷನ್‌ಗೆ ಚಿಟಿಕೆ ಅರಿಶಿನ ಹಾಕಿ ಎರಡು ಸಲ ಬಳಿದರೆ ಹಲಸಿನ ಮರದ ಬಣ್ಣ ಬರುತ್ತದೆ. ಪೇಪರಿನ ಅಕ್ಷರ ಕಾಣದಿರಲಿ ಅನ್ನುವವರು ಮೊದಲು ಬಿಳಿ ಹಾಳೆಯ ಪದರ ಅಂಟಿಸಿಕೊಳ್ಳಿ. ಪೋಸ್ಟರ್ ಕಲರ್ ಇದ್ದರೆ ಕಂದು ಬಣ್ಣ ದಪ್ಪಗೆ ಬಳಿದು, ಹಸಿ ಇರುವಾಗಲೇ ಮುರಿದ ಬಾಚಣಿಗೆಯನ್ನು ಉದ್ದಕ್ಕೆ ಎಳೆಯಿರಿ. ಗೀರು ಗೀರಾಗಿ ಮರದ ನಾರು ಬಂದುಬಿಡುತ್ತದೆ. ಕಬ್ಬಿಣದ ಬಳೆಗೆ ಕರೆಂಟಿನವರ ಕಪ್ಪು ಟೇಪು ನಾಲ್ಕು ಸುತ್ತು.

ಮೈ ಮೇಲೆ ತಗ್ಗು ಬಿದ್ದಿದ್ದರೆ ತುಂಬೋಕೆ ಒಂದು ಉಪಾಯ ಇದೆ. ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಗೊಂಬೆ ಮಾಡುವವರು ಮರದ ಹೊಟ್ಟು, ಸೆಣಬಿನ ಪುಡಿ, ಹುಣಸೆ ಬೀಜದ ಅಂಟು ಸೇರಿಸಿ 'ಕಿಟ್ಟ' ಅಂತ ಮಾಡಿಕೊಳ್ಳುತ್ತಾರೆ. ಮರದ ತುಂಡುಗಳ ಸಂದು ಮುಚ್ಚೋದು ಅದರಿಂದಲೇ. ನಮ್ಮ ಬಡವರ ಕಿಟ್ಟಕ್ಕೆ ಪೇಪರ್ ಚೂರನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಹಿಂಡಿ, ನೆನೆದ ಮೆಂತ್ಯ ಎರಡು ಚಮಚ ಸೇರಿಸಿ ಮಿಕ್ಸಿಯಲ್ಲಿ ರುಬ್ಬಿದರೆ ಆಯಿತು. ಹಿಂದೆ ಅಜ್ಜಿಯಂದಿರು ಪೇಪರ್ ಬುಟ್ಟಿ ಮಾಡುತ್ತಿದ್ದದ್ದು ಇದೇ ಹಿಟ್ಟಿನಲ್ಲಿ. ಮೆಂತ್ಯದ ಲೋಳೆ ಹಿಡಿದುಕೊಳ್ಳುತ್ತದೆ, ಕಹಿಗೆ ಹುಳ ಹತ್ತಿರ ಸುಳಿಯಲ್ಲ. ಮಿಕ್ಸಿ ಜಾರನ್ನು ಮಾತ್ರ ಆಮೇಲೆ ಚೆನ್ನಾಗಿ ತೊಳೆದಿಡಿ, ನಾನು ಮರೆತು ಮನೆಯಲ್ಲಿ ಮಾತು ಕೇಳಿದ್ದೇನೆ.

ಗುರಾಣಿ

ಮಗುವಿನ ಮೊಣಕೈಯಿಂದ ಬೆರಳ ತುದಿವರೆಗೆ ಒಂದು ಮೊಳ. ಅದೇ ಗುರಾಣಿಯ ಅಗಲ. ಅಷ್ಟು ಅಗಲದ ತಟ್ಟೆಯನ್ನೋ ಜರಡಿಯನ್ನೋ ರಟ್ಟಿನ ಮೇಲೆ ಬೋರಲು ಹಾಕಿ ಪೆನ್ಸಿಲ್ ಎಳೆಯಿರಿ. ಇಂಥ ಎರಡು ಬಿಲ್ಲೆ ಬೇಕು.

ಕತ್ತರಿಸಿದ ಅಂಚನ್ನು ಮಕ್ಕಳಿಗೆ ತೋರಿಸಿ. ಎರಡು ಹಾಳೆಯ ನಡುವೆ ಅಲೆ ಅಲೆಯಾಗಿ ಇನ್ನೊಂದು ಹಾಳೆ ಇರುತ್ತದೆ. ಅಲೆಗಳ ಸಾಲಿನ ಉದ್ದಕ್ಕೆ ಮಡಿಸಿದರೆ ಸುಲಭವಾಗಿ ಮಡಿಸಿಕೊಳ್ಳುತ್ತದೆ, ಅಡ್ಡಕ್ಕೆ ಮಡಿಸಲು ಹೋದರೆ ಹಟ ಮಾಡುತ್ತದೆ. ಎರಡು ಬಿಲ್ಲೆ ಅಂಟಿಸುವಾಗ ಒಂದರ ಸಾಲು ನಿಂತಿದ್ದರೆ ಇನ್ನೊಂದರದ್ದು ಮಲಗಿರಬೇಕು. ಆಗ ಯಾವ ಕಡೆಗೂ ಮಡಿಸಿಕೊಳ್ಳಲ್ಲ. ಪ್ಲೈವುಡ್ ಗಟ್ಟಿ ಇರೋದೂ ಹೀಗೆ ಅಡ್ಡಡ್ಡ ಪದರ ಇಟ್ಟಿರುವುದರಿಂದ.

ಚಪ್ಪಟೆ ಗುರಾಣಿ ಚೆನ್ನಾಗಿರಲ್ಲ, ಸ್ವಲ್ಪ ಉಬ್ಬಬೇಕು. ಎರಡೂ ಬಿಲ್ಲೆಯನ್ನು ಅಂಚಿನಿಂದ ನಡುವಿನವರೆಗೆ ಒಂದೇ ಕಡೆ ಸೀಳಿ. ಸೀಳಿದ ಅಂಚುಗಳನ್ನು ಒಂದರ ಮೇಲೊಂದು ಎರಡು ಬೆರಳಷ್ಟು ಏರಿಸಿ ಅಂಟಿಸಿದರೆ ಅಗಲದ ಕೊಡೆಯ ಹಾಗಾಗುತ್ತದೆ. ಒಂದರೊಳಗೆ ಇನ್ನೊಂದನ್ನು ಕೂರಿಸುವಾಗ ಎರಡರ ಸೀಳು ಎದುರುಬದುರು ಕಡೆ ಇರಲಿ. ಮೇಲೆ ನಾಲ್ಕು ದಪ್ಪ ಪುಸ್ತಕದ ಬದಲು ಅಕ್ಕಿ ತುಂಬಿದ ಚೀಲ ಇಡಿ, ಉಬ್ಬಿಗೆ ತಕ್ಕಂತೆ ಕೂರುತ್ತದೆ. ಒಂದು ರಾತ್ರಿ ಬಿಡಿ.

ಇನ್ನು ಹಿಡಿಕೆ. ಮನೆಯಲ್ಲಿ ಮಾಡಿದ ಗುರಾಣಿಗಳು ಹಾಳಾಗೋದೇ ಇಲ್ಲಿ. ಒಳಗೆ ರಟ್ಟಿನ ಪಟ್ಟಿ ಅಂಟಿಸಿರುತ್ತಾರೆ, ಮೊದಲ ಏಟಿಗೆ ಕಿತ್ತುಬರುತ್ತದೆ. ಮ್ಯೂಸಿಯಮ್ಮಿನಲ್ಲಿ ನಮ್ಮ ಹಳೇ ಢಾಲುಗಳನ್ನು ನೋಡಿದರೆ ಮುಂದೆ ಗುಂಡಿಯ ಹಾಗೆ ಉಬ್ಬಿದ ನಾಲ್ಕು ಗುಬ್ಬಿ ಇರುತ್ತವೆ. ಅಲಂಕಾರ ಅಂದುಕೊಂಡಿದ್ದೆ. ಒಳಗಿನ ಹಿಡಿಪಟ್ಟಿಯನ್ನು ಬಿಗಿದ ಮೊಳೆಗಳ ತಲೆಯನ್ನು ಮುಚ್ಚುವ ಗುಬ್ಬಿಗಳವು. ನಾವೂ ಹಾಗೇ ಮಾಡಿದೆವು. ಗುರಾಣಿಯ ನಡುವೆ ಚೌಕದ ನಾಲ್ಕು ಮೂಲೆಗೆ ನಾಲ್ಕು ತೂತು, ನಾಲ್ಕು ಬಾಟಲಿ ಮುಚ್ಚಳಕ್ಕೂ ನಡುವೆ ತೂತು. ಲಾಡಿಯನ್ನು ಒಳಗಿನಿಂದ ಹೊರಗೆ ತಂದು, ಮುಚ್ಚಳದೊಳಗೆ ಪೋಣಿಸಿ, ಮುಂದುಗಡೆ ದಪ್ಪ ಗಂಟು. ಎಡಗಡೆಯ ಎರಡು ತೂತಿಗೆ ಒಂದು ಪಟ್ಟಿ, ಬಲಗಡೆಗೆ ಇನ್ನೊಂದು. ಒಂದರಲ್ಲಿ ಮುಂಗೈ ತೂರಿಸಿ, ಇನ್ನೊಂದನ್ನು ಮುಷ್ಟಿಯಲ್ಲಿ ಹಿಡಿಯೋದು. ಎಳೆದಷ್ಟೂ ಮುಚ್ಚಳ ರಟ್ಟನ್ನು ಒತ್ತಿ ಹಿಡಿಯುತ್ತದೆಯೇ ಹೊರತು ಕಿತ್ತುಬರಲ್ಲ. ಅಂಚಿಗೆ ಹಳೇ ಸೀರೆಯ ಫಾಲ್ಸ್ ಅಂಟಿಸಿದರೆ ರಟ್ಟಿನ ಬಾಯಿ ಬಿಚ್ಚಿಕೊಳ್ಳಲ್ಲ.

ಮುಚ್ಚಳಗಳ ಮೇಲೆ ಚಾಕೊಲೇಟಿನ ಬಂಗಾರದ ಕಾಗದ ಹೊದಿಸಿ, ಗಂಟೂ ಮುಚ್ಚಿಹೋಗುತ್ತದೆ. ಯಕ್ಷಗಾನದ ಕಿರೀಟ, ಭುಜಕೀರ್ತಿಗಳೂ ಹೀಗೇ ಅಲ್ವಾ, ಒಳಗೆ ಹಗುರ ಮರ, ಮೇಲೆ ಬೇಗಡೆ. ಕಾಗದವನ್ನು ಚಮಚದ ಬೆನ್ನಿನಿಂದ ಉಜ್ಜಿದರೆ ಸುಕ್ಕು ಹೋಗಿ ಲೋಹದ ಹಾಗೇ ಕಾಣುತ್ತದೆ. ಮಗಳು ನಡುವೆ ಗಂಡಭೇರುಂಡ ಬರೆಯಲು ಹೊರಟಳು. ಎರಡು ತಲೆಯ ಕೋಳಿ ಬಂತು. ಹಾಗೇ ಇದೆ.

ಕತ್ತಿ

ಇದಕ್ಕೆ ಹೆಚ್ಚು ಹೇಳೋದಿಲ್ಲ. ಮಗುವಿನ ತೋಳಿನಷ್ಟು ಉದ್ದ ಸಾಕು. ಮೂರು ಪದರ ರಟ್ಟು, ಮೂರರಲ್ಲೂ ಅಲೆಯ ಸಾಲು ಕತ್ತಿಯ ಉದ್ದಕ್ಕೇ ಇರಲಿ, ಗುರಾಣಿಯ ಹಾಗೆ ಅಡ್ಡಡ್ಡ ಬೇಡ. ತುದಿ ಚೂಪು ಬೇಡ, ಹೆಬ್ಬೆರಳಿನ ಹಾಗೆ ದುಂಡಗಿರಲಿ. ಚಿಪ್ಸ್ ಪೊಟ್ಟಣವನ್ನು ಬೆಳ್ಳಿ ಮೈ ಹೊರಗೆ ಬರುವ ಹಾಗೆ ಹೊದಿಸಿ. ಹಿಡಿಗೆ ಹಳೇ ಬೆಲ್ಟು ಸುತ್ತಿ. ಇದು ಮುರಿಯುವ ಸಾಮಾನೇ, ಹಾಗಾಗಿ ಒಮ್ಮೆಗೇ ನಾಲ್ಕು ಮಾಡಿಟ್ಟುಬಿಡಿ. ಎರಡು ಮಕ್ಕಳಿಗೆ ಒಂದು ಕತ್ತಿ ಅಂತ ಯೋಚಿಸಿದ್ದರೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ಗೋಡೆಯಾಚೆ ನೋಡುವ ಡಬ್ಬಿ

ಕೋಟೆ ಅಂದಮೇಲೆ ಗೂಢಚಾರ ಬೇಕು. ಮದಕರಿ ನಾಯಕನ ಕಾಲದಲ್ಲಿ ಪೆರಿಸ್ಕೋಪು ಇರಲಿಲ್ಲ ಅಂತ ದಯವಿಟ್ಟು ಮಕ್ಕಳಿಗೆ ಹೇಳಬೇಡಿ. ನಮ್ಮನೆ ಆಟದಲ್ಲಿ ಡೈನೊಸಾರ್ ಕೂಡ ಕೋಟೆ ಕಾಯುತ್ತಿತ್ತು.

ಟೂತ್‌ಪೇಸ್ಟಿನ ಉದ್ದ ಡಬ್ಬಿ ಒಂದು, ಫ್ಯಾನ್ಸಿ ಸ್ಟೋರಿನಲ್ಲಿ ಸಿಗುವ ಪುಟ್ಟ ಕನ್ನಡಿ ಎರಡು. ಕನ್ನಡಿಯ ಅಂಚಿಗೆಲ್ಲ ಟೇಪು ಸುತ್ತುವುದು ಮೊದಲ ಕೆಲಸ, ದೊಡ್ಡವರ ಕೆಲಸ. ಡಬ್ಬಿಯ ಪಕ್ಕದ ಮೈಯ ಮೇಲೆ, ಎರಡೂ ತುದಿಯಲ್ಲಿ ಡಬ್ಬಿಯ ಅಗಲದಷ್ಟೇ ಚೌಕ ಬರೆದು, ಮೂಲೆಯಿಂದ ಮೂಲೆಗೆ ಗೆರೆ ಎಳೆಯಿರಿ. ಎರಡು ಗೆರೆಯೂ ಒಂದೇ ಕಡೆ ಓರೆಯಾಗಿರಲಿ. ಎದುರಿನ ಮೈಯಲ್ಲೂ ಹಾಗೇ. ಗೆರೆಗಳನ್ನು ಕಟರಿನಲ್ಲಿ ಸೀಳಿ ಕನ್ನಡಿ ತೂರಿಸಿ, ಹೊಳೆಯುವ ಮುಖಗಳು ಒಂದನ್ನೊಂದು ನೋಡುತ್ತಿರಬೇಕು. ಡಬ್ಬಿ 4 ಸೆಂ.ಮೀ. ಅಗಲ ಇದ್ದರೆ ಕನ್ನಡಿ 5.5 ಸೆಂ.ಮೀ. ಉದ್ದ ಬೇಕು, ಯಾಕೆಂದರೆ ಅದು ಓರೆಯಾಗಿ ನಿಲ್ಲುತ್ತದೆ. ಈಗ ಮೇಲಿನ ಕನ್ನಡಿಯ ಎದುರು ಮುಂದುಗಡೆ ಒಂದು ಕಿಟಕಿ, ಕೆಳಗಿನದರ ಎದುರು ಹಿಂದುಗಡೆ ಇನ್ನೊಂದು ಕಿಟಕಿ.

45 ಡಿಗ್ರಿ ಓರೆ ಇರುವ ಕನ್ನಡಿಗೆ ಬಿದ್ದ ಬೆಳಕು ಸರಿಯಾಗಿ ಕೆಳಕ್ಕೆ ತಿರುಗುತ್ತದೆ, ಕೆಳಗಿನ ಕನ್ನಡಿ ಅದನ್ನು ಕಣ್ಣಿನ ಕಡೆ ತಿರುಗಿಸುತ್ತದೆ. ಏನೂ ಕಾಣದೆ ಬರೀ ಡಬ್ಬಿಯ ಒಳಗೋಡೆ ಕಂಡರೆ ಓರೆ ತಪ್ಪಿದೆ ಅಂತ ಅರ್ಥ. ನಮ್ಮದು ಮೂರನೇ ಸಲಕ್ಕೆ ಸರಿಹೋಯಿತು. ಸೋಫಾ ಹಿಂದೆ ಕೂತ ಚಿಕ್ಕವನು "ಅಮ್ಮ ಮೊಬೈಲ್ ನೋಡ್ತಿದಾಳೆ" ಅಂತ ಮೊದಲ ಗುಪ್ತ ವರದಿ ಕೊಟ್ಟ. ಇದನ್ನು ಸೂರ್ಯನ ಕಡೆ ಮಾತ್ರ ಹಿಡಿಯಲೇಬಾರದು ಅಂತ ಎರಡೆರಡು ಸಲ ಹೇಳಿ.

ಓಕುಳಿ ನಕ್ಷೆ

ಹಳೇ ಕಾಲದ ನಕ್ಷೆ ಅಂದರೆ ಕಾಗದದ ಅಂಚು ಸುಡೋದು ಅಂತ ಎಲ್ಲರೂ ಹೇಳುತ್ತಾರೆ. ಮಕ್ಕಳ ಪಕ್ಕದಲ್ಲಿ ಬೆಂಕಿ ಯಾಕೆ? ಅಂಚನ್ನು ಕೈಯಲ್ಲೇ ಹರಿದು, ಕಾಗದವನ್ನು ಮುದ್ದೆ ಮಾಡಿ ಬಿಡಿಸಿ, ತಣ್ಣಗಾದ ಚಹಾ ಡಿಕಾಕ್ಷನ್‌ನಲ್ಲಿ ಐದು ನಿಮಿಷ ಅದ್ದಿ ಒಣಗಿಸಿದರೆ ನೂರು ವರ್ಷ ಹಳೇದಾಗುತ್ತದೆ. ಅದರ ಮೇಲೆ ಮನೆಯ ನಕ್ಷೆ ಬರೆಯಲಿ. ಅಡುಗೆಮನೆ ಉಗ್ರಾಣ, ಬಾಲ್ಕನಿ ಬುರುಜು, ಬಚ್ಚಲು ಹೊಂಡ.

ಗುಟ್ಟಿನ ಅಕ್ಷರಕ್ಕೆ ಬೇರೆ ಬಿಳಿ ಹಾಳೆ ತೆಗೆದುಕೊಳ್ಳಿ. ಆರತಿ ತಟ್ಟೆಯ ಓಕುಳಿ ನೋಡಿದ್ದೀರಲ್ಲ. ಅರಿಶಿನದ ನೀರಿಗೆ ಸುಣ್ಣ ಬಿದ್ದ ಕೂಡಲೇ ಕೆಂಪಾಗುತ್ತದೆ. ಅದೇ ಜಾದೂ. ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯ, ಹಾಗಾಗಿ ಅಡುಗೆ ಸೋಡಾ ಸಾಕು. ಎರಡು ಚಮಚ ನೀರಿಗೆ ಒಂದು ಚಮಚ ಸೋಡಾ ಕಲಸಿ, ಕಿವಿ ಕಡ್ಡಿಯಿಂದ "ನಿಧಿ ಅಕ್ಕಿ ಡಬ್ಬದ ಹಿಂದೆ" ಅಂತ ಬರೆಯಿರಿ. ಒಣಗಿದರೆ ಏನೂ ಕಾಣಲ್ಲ. ಅರ್ಧ ಚಮಚ ಅರಿಶಿನವನ್ನು ಒಂದು ಚಮಚ ಹ್ಯಾಂಡ್ ಸ್ಯಾನಿಟೈಸರಿನಲ್ಲಿ ಕಲಸಿ, ಒಲೆಯಿಂದ ದೂರ ಕೂತು ಹತ್ತಿಯಲ್ಲಿ ಸವರಿದರೆ ಹಳದಿಯ ನಡುವೆ ಕೆಂಪು ಅಕ್ಷರ ಏಳುತ್ತವೆ. ಬರೀ ನೀರಿನಲ್ಲಿ ಅರಿಶಿನ ಸರಿಯಾಗಿ ಕರಗಲ್ಲ, ಅಕ್ಷರ ಮಂಕಾಗುತ್ತದೆ.

ಕಪ್ಪು ಬಟ್ಟೆ ಹಾಕಿಕೊಳ್ಳಿ. ಅರಿಶಿನದ ಕಲೆಗೆ ಸೋಪು ಹಾಕಿದರೆ ಅದೂ ಕೆಂಪಾಗುತ್ತದೆ, ಮಕ್ಕಳಿಗೆ ಅದು ಇನ್ನೊಂದು ಆಟ.

ದಿಕ್ಸೂಚಿ

ಹೊಲಿಗೆ ಸೂಜಿಯನ್ನು ಅಯಸ್ಕಾಂತದ ಒಂದೇ ತುದಿಯಿಂದ, ಒಂದೇ ದಿಕ್ಕಿಗೆ 40 ಸಲ ಉಜ್ಜಿ. ಹಿಂದೆ ಮುಂದೆ ಉಜ್ಜಬಾರದು, ಪ್ರತಿ ಸಲ ಎತ್ತಿ ಮತ್ತೆ ಮೊದಲಿಂದ. ಫ್ರಿಜ್ಜಿಗೆ ಅಂಟಿಸುವ ರಬ್ಬರ್ ಹಾಳೆಯಂಥ ಅಯಸ್ಕಾಂತ ಇದಕ್ಕೆ ಬರಲ್ಲ, ಅದರಲ್ಲಿ ಉತ್ತರ ದಕ್ಷಿಣ ಪಟ್ಟೆ ಪಟ್ಟೆಯಾಗಿ ಬೆರೆತಿರುತ್ತವೆ. ಕೆಟ್ಟುಹೋದ ಸ್ಪೀಕರಿನದ್ದು ಒಳ್ಳೇದು. ಸೂಜಿಯ ಮೊನೆಗೆ ಒಂದು ತೊಟ್ಟು ಮೇಣ ಅಂಟಿಸಿ, ಥರ್ಮೊಕೋಲಿನ ತೆಳು ಬಿಲ್ಲೆಯ ಮೇಲೆ ಮಲಗಿಸಿ, ಪ್ಲಾಸ್ಟಿಕ್ ಬಟ್ಟಲಿನ ನೀರಿನಲ್ಲಿ ತೇಲಿಬಿಡಿ. ಫ್ಯಾನ್ ಆರಿಸಿ. ಮೆಲ್ಲಗೆ ತಿರುಗಿ ಉತ್ತರ ದಕ್ಷಿಣಕ್ಕೆ ನಿಲ್ಲುತ್ತದೆ. ಯಾವ ತುದಿ ಉತ್ತರ? ಬೆಳಿಗ್ಗೆ ಸೂರ್ಯನಿಗೆ ಮುಖ ಮಾಡಿ ನಿಂತರೆ ಎಡಗೈ ಕಡೆಯದು. ಆ ತುದಿಗೆ ಕುಂಕುಮ ಹಚ್ಚಿ. ಸೂಜಿಯನ್ನು ಕೊನೆಗೆ ನೀವೇ ಎತ್ತಿಡಿ.

ವೇಷ, ಮತ್ತೆ ಆಟ

ಓಬವ್ವನಿಗೆ ಹಳೇ ಹತ್ತಿ ಸೀರೆಯನ್ನು ಅರ್ಧಕ್ಕೆ ಮಡಿಸಿ ಕಚ್ಚೆ ಹಾಕಿ, ಸೊಂಟಕ್ಕೆ ದುಪಟ್ಟಾ ಬಿಗಿಯಿರಿ. ಒಳಗೆ ಲೆಗ್ಗಿಂಗ್ಸ್ ಇರಲಿ, ಓಡುವಾಗ ಕಚ್ಚೆ ಬಿಚ್ಚೇ ಬಿಚ್ಚುತ್ತದೆ. ನಾಯಕನಿಗೆ ಟವೆಲ್ ಪೇಟ, ಕಾಡಿಗೆಯಲ್ಲಿ ಮೀಸೆ. ನವೆಂಬರ್ 11ಕ್ಕೆ ಓಬವ್ವ ಜಯಂತಿ, ಅವತ್ತು ಶಾಲೆಗೆ ಕಳಿಸುವುದಾದರೆ ಸೀರೆಗೆ ಎರಡು ಹೊಲಿಗೆ ಹಾಕಿಬಿಡಿ.

ಎರಡು ಕುರ್ಚಿಗಳ ನಡುವೆ ಒಬ್ಬರು ಮಾತ್ರ ತೆವಳುವಷ್ಟು ಸಂದು ಬಿಟ್ಟು, ಮೇಲೆ ಬೆಡ್‌ಶೀಟ್ ಹಾಕಿದರೆ ಕಿಂಡಿ. ಪಕ್ಕದ ಮನೆ ಮಕ್ಕಳನ್ನೂ ಕರೆಯಿರಿ, ಸೈನ್ಯ ಬೇಕಲ್ಲ. ನಿಯಮ ಎರಡೇ ಇಟ್ಟೆವು. ಒನಕೆ ಸೊಂಟಕ್ಕಿಂತ ಮೇಲೆ ತಾಗಬಾರದು. ತಾಗಿಸಿಕೊಂಡವನು ಬಿದ್ದು, ಹತ್ತು ಎಣಿಸಿ, ಮತ್ತೆ ಸಾಲಿನ ಕೊನೆಗೆ ಹೋಗಬೇಕು. ಮೂರನೆಯದನ್ನು ಮಕ್ಕಳೇ ಸೇರಿಸಿದರು: ಕಾವಲುಗಾರ ಗಂಡನ ಪಾತ್ರ ಮಾಡುವವನಿಗೆ ಆಟ ಮುಗಿಯುವವರೆಗೂ ಊಟ ಮಾಡುತ್ತಾ ಕೂರೋದೇ ಕೆಲಸ. ಆ ಪಾತ್ರಕ್ಕೇ ಜಾಸ್ತಿ ಜಗಳ. ಚಕ್ಕುಲಿ ಡಬ್ಬ ಖಾಲಿಯಾಯಿತು.

ಆಟ ಮುಗಿದ ಮೇಲೆ ಎಲ್ಲವನ್ನೂ ನೆಲದಿಂದ ಎತ್ತಿ, ಗಾಳಿ ಆಡುವ ಕಡೆ ತೂಗುಹಾಕಿ. ಮೈದಾ ಅಂಟಿಗೆ ಜಿರಲೆ ಬರುತ್ತದೆ, ಮಂಚದ ಕೆಳಗೆ ಇಡಬೇಡಿ. ಒನಕೆಯಲ್ಲಿ ಬಿರುಕು ಕಂಡರೆ ಅಲ್ಲಿಗೆ ಮತ್ತೆರಡು ಪಟ್ಟಿ ಸುತ್ತಿದರೆ ಮುಗಿಯಿತು. ನಮ್ಮದು ಈಗ ಬಾಗಿಲ ಹಿಂದೆ ನೇತಾಡುತ್ತಿದೆ. ಎರಡು ಕಡೆ ಪಟ್ಟಿ, ಒಂದು ಕಡೆ ಗಾಯದ ಬ್ಯಾಂಡೇಜು. ಅದನ್ನು ಅಂಟಿಸಿದ್ದು ಚಿಕ್ಕವನು, ಯಾಕೆ ಅಂತ ನಾನು ಕೇಳಿಲ್ಲ.